ಇನ್ನೆರಡು ನೀರು

ಉಮ್ಮ ಫೋಟೋಗಳನ್ನು ನಾಲಿಗೆಯಿಂದ ಪರೀಕ್ಷಿಸುತ್ತಿದ್ದರು. ಬಕೆಟಿನಿಂದ ಒದ್ದೆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ, ನೀರು ಬಸಿದು ಹೋಗುವವರೆಗೆ ಕಾದು, ಅದರ ಒಂದು ಮೂಲೆಯನ್ನು ನಾಲಿಗೆಯ ತುದಿಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು. ಸಾರಿನ ಉಪ್ಪು ನೋಡುವ ಹೆಂಗಸರ ಮುಖದಲ್ಲಿ ಕಾಣುವ ಅದೇ ಗಂಭೀರ ಅನುಮಾನ. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿ, ತಲೆವಸ್ತ್ರದ ಅಂಚಿನಿಂದ ತುಟಿ ಒರೆಸಿಕೊಂಡು ತೀರ್ಪು ಹೇಳುತ್ತಿದ್ದರು: "ಸಿಹಿ ಉಂಟು. ಇನ್ನೆರಡು ನೀರು." ಬಕೆಟಿನ ನೀರು ಚೆಲ್ಲಿ ಹೊಸ ನೀರು ತುಂಬಿಸಿ, ಫೋಟೋಗಳನ್ನು ಮತ್ತೆ ಅದರಲ್ಲಿ ಮುಳುಗಿಸುತ್ತಿದ್ದರು.

ನನಗೆ ಈಗ ಅರುವತ್ತು ದಾಟಿದೆ. ಪಾಠ ಮಾಡಿ ಮಾಡಿ ಗಂಟಲು ಹೋಗಿದೆ, ಮೆಟ್ಟಿಲು ಹತ್ತುವಾಗ ಮಂಡಿ ಶಬ್ದ ಮಾಡುತ್ತದೆ. ನನ್ನ ಮನಸ್ಸಿನಲ್ಲಿ ಹಲವರ ಮುಖಗಳು ಮಸುಕಾಗಿವೆ. ಉಮ್ಮನ ಆ ಮುಚ್ಚಿದ ಕಣ್ಣು ಮಾತ್ರ ಹಾಗೆಯೇ ಉಂಟು.

ಫರಂಗಿಪೇಟೆಯ ಶಾಲೆಗೆ ನಾನು ಕನ್ನಡ ಟೀಚರಾಗಿ ಬಂದದ್ದು ಎಂಬತ್ತರ ದಶಕದ ಕೊನೆಗೆ. ಊರು ಅಳದಂಗಡಿಯ ಕಡೆ. ದಿನಾ ಹೋಗಿ ಬರುವ ದೂರವಲ್ಲ. ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಹಂಚಿನ ಮನೆಯ ಬದಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಆ ಮನೆಯ ಯಜಮಾನಿಯೇ ಉಮ್ಮ. ನನಗಿಂತ ಹೆಚ್ಚೆಂದರೆ ಹದಿನಾಲ್ಕು ವರ್ಷ ದೊಡ್ಡವರು. ಮೊದಲ ದಿನ ಅವರ ಮಗಳು "ಉಮ್ಮಾ, ಟೀಚರ್ ಬಂದ್ರು" ಎಂದು ಕೂಗಿದಳು. ಆ ದಿನದಿಂದ ನನಗೂ ಅವರು ಉಮ್ಮ. ಓಣಿಯ ಉಳಿದವರಿಗೂ ಹಾಗೆಯೇ. ಅವರು ಮನೆಯಲ್ಲಿ ಬ್ಯಾರಿ ಭಾಷೆ, ಬೇಲಿಯಾಚೆ ತುಳು ಮಾತಾಡುತ್ತಿದ್ದರು. ನನ್ನೊಟ್ಟಿಗೆ ಮಾತ್ರ ನಿಧಾನವಾಗಿ, ಒಂದೊಂದೇ ಶಬ್ದ ಆರಿಸಿಕೊಂಡು ಕನ್ನಡ. "ತುಳುವೇ ಮಾತಾಡಿ ಉಮ್ಮ, ನಂಗೂ ಅದೇ ಅಲ್ವಾ" ಎಂದರೆ ಒಪ್ಪುತ್ತಿರಲಿಲ್ಲ. "ಟೀಚರೊಟ್ಟಿಗೆ ತುಳು ಮಾತಾಡಿದ್ರೆ ಮರ್ಯಾದೆ ಯಾರಿಗೆ ಹೋಗುದು? ನಂಗೆ" ಎನ್ನುತ್ತಿದ್ದರು.

ಅವರ ಗಂಡ ಗಲ್ಫಿನಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಒಂದು ರಜೆಗೆ ಬರುವಾಗ ಫೋಟೋ ದೊಡ್ಡದು ಮಾಡುವ ಹಳೆಯ ಯಂತ್ರವೊಂದನ್ನು ಕಂಬಳಿಯಲ್ಲಿ ಸುತ್ತಿ ತಂದರು. ಊರಿಗೆ ವಾಪಸು ಬಂದು ಸ್ಟುಡಿಯೋ ತೆರೆಯುವ ಯೋಚನೆ. ಎರಡು ರಜೆಗಳಲ್ಲಿ ಹೆಂಡತಿಗೆ ಎಲ್ಲ ಕಲಿಸಿದರು: ಫಿಲ್ಮ್ ಸುತ್ತುವುದು, ಫೋಟೋ ತೊಳೆಯುವ ಮದ್ದು ಕಲಸುವುದು, ಕಾಗದಕ್ಕೆ ಬೆಳಕು ಕೊಡುವುದು. ಸ್ಟುಡಿಯೋ ಮಾತ್ರ ಆಗಲಿಲ್ಲ. ಅವರು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಮೂರು ವರ್ಷಕ್ಕೊಮ್ಮೆ, ಕೊನೆಗೊಂದು ದಿನ ಅಲ್ಲೇ ಮಣ್ಣಾದರೆಂಬ ಸುದ್ದಿ ಬಂತು. ಯಂತ್ರ ಬಚ್ಚಲುಮನೆಯಲ್ಲಿ ಉಳಿಯಿತು. ಅದರ ಮುಂದೆ ಉಮ್ಮ ಉಳಿದರು.

ಉಮ್ಮನ ಕೈಗೆ ಕೆಲಸ ತಾನಾಗಿಯೇ ಬಂತು. ಆ ಕಡೆ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದರು. ಅವರಿಗೆ ಹೆಂಡತಿ ಮಕ್ಕಳ ಫೋಟೋ ಬೇಕು. ಬಂಟ್ವಾಳದಲ್ಲಿ ಸ್ಟುಡಿಯೋ ಇಲ್ಲವೆಂದಲ್ಲ. ಆದರೆ ಅಲ್ಲಿ ಫೋಟೋ ತೆಗೆಯುವವನು ಗಂಡಸು, ಕತ್ತಲ ಕೋಣೆಯಲ್ಲಿ ಅದನ್ನು ತೊಳೆಯುವವನು ಇನ್ನೊಬ್ಬ ಗಂಡಸು. ಗಂಡನಿಗೆಂದು ತೆಗೆಸಿದ ಮುಖ ಅವನನ್ನು ತಲುಪುವ ಮೊದಲು ನಾಲ್ಕು ಮಂದಿಯ ಕೈ ದಾಟಿ ಹೋಗುವುದು ಹಲವು ಮನೆಗಳಲ್ಲಿ ಯಾರಿಗೂ ಹಿಡಿಸುತ್ತಿರಲಿಲ್ಲ. ಉಮ್ಮನ ಹತ್ತಿರ ಆ ತೊಂದರೆ ಇಲ್ಲ. ಬೆಳ್ತಂಗಡಿಯಿಂದ, ಉಜಿರೆಯಿಂದ, ಮೂಡುಬಿದಿರೆಯಿಂದ ಎರಡೆರಡು ಬಸ್ಸು ಹಿಡಿದು ಹೆಂಗಸರು ಬರುತ್ತಿದ್ದರು. ನನ್ನ ಶಾಲೆಯ ಇಬ್ಬರು ಟೀಚರುಗಳೂ ಬಂದಿದ್ದರು. ಒಬ್ಬರು ಕ್ರಿಶ್ಚಿಯನ್, ಒಬ್ಬರು ನನ್ನ ಹಾಗೆ ಹಿಂದೂ. ಗಲ್ಲ ಹಿಡಿದು "ಸ್ವಲ್ಪ ಮೇಲೆ" ಎನ್ನುವ ಸ್ಟುಡಿಯೋದವನ ಕೈ ಯಾವ ಜಾತಿಯ ಹೆಂಗಸಿಗೂ ಬೇಡವಾಗಿತ್ತು.

ಚಾವಡಿಯ ಬಿಳಿ ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಸ್ಟುಡಿಯೋದವರು ಉಸಿರು ಹಿಡಿಯಿರಿ ಎಂದರೆ ಉಮ್ಮ "ಉಸಿರು ಬಿಡಿ" ಎನ್ನುತ್ತಿದ್ದರು. ಯಾಕೆ ಎಂದು ಕೇಳಿದ್ದೆ. "ಉಸಿರು ಹಿಡಿದ ಮುಖ ಪಾಸ್‌ಪೋರ್ಟಿಗೆ ಆಗ್ತದೆ ಟೀಚರೇ. ಗಂಡನಿಗೆ ಕಳಿಸುದಾದ್ರೆ ಬಿಟ್ಟ ಮುಖವೇ ಬೇಕು."

ಹನ್ನೊಂದರಿಂದ ಮೂರು ಗಂಟೆಯವರೆಗೆ ಬಚ್ಚಲುಮನೆ ಉಮ್ಮನದು. ಗಾಳಿ ಕಿಂಡಿಗೆ ಹಳೆಯ ಬುರ್ಖಾದ ಎರಡು ಪದರ, ಬಾಗಿಲಿನ ಸಂದಿಗೆ ಗೋಣಿ, ಕೆಂಪು ಕಾಗದ ಸುತ್ತಿದ ಒಂದು ಸಣ್ಣ ಬಲ್ಬು. ಒಳಗೆ ಹುಳಿ ವಾಸನೆ, ಬೇಸಿಗೆಯಲ್ಲಿ ಬೆವರು. ಮದ್ದು ಬಿಸಿಯಾಗಬಾರದೆಂದು ಅದರ ಬಾಟಲಿಗಳನ್ನು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಕಾಗದಕ್ಕೆ ಬೆಳಕು ಬಿಡುವಾಗ ತುಳುವಿನಲ್ಲಿ ಎಣಿಸುವುದು ಹೊರಗೆ ಕೇಳುತ್ತಿತ್ತು: "ಒಂಜಿ, ರಡ್ಡ್, ಮೂಜಿ..." ಉಳಿದ ಕೆಲಸಗಳಿಗೆಲ್ಲ ಅವರ ಬಾಯಲ್ಲಿ ಸ್ವಲಾತಿನ ಪ್ರಾರ್ಥನೆ ಇರುತ್ತಿತ್ತು, ಇಲ್ಲಿ ಮಾತ್ರ ಇಲ್ಲ. "ಬಚ್ಚಲಲ್ಲಿ ದೇವರ ಮಾತು ಹೇಳ್ಬಾರ್ದು. ತುಳು ಹೇಳ್ಬಹುದು" ಎಂದು ನಕ್ಕಿದ್ದರು.

ಅವರದ್ದೊಂದು ಕಟ್ಟುನಿಟ್ಟು ಇತ್ತು. ಫೋಟೋ ಒಣಗಿದ ಮೇಲೆ ಅದರೊಟ್ಟಿಗೆ ನೆಗೆಟಿವನ್ನೂ ತುಂಡು ಮಾಡಿ ಆ ಹೆಂಗಸಿನ ಕೈಗೇ ಕೊಡುತ್ತಿದ್ದರು. ಮನೆಯಲ್ಲಿ ಒಂದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. "ನಿಮ್ಮ ಮುಖ ನಿಮ್ಮ ಹತ್ರವೇ ಇರ್ಲಿ." ಮನೆಗೆ ಹೋದ ಹೆಂಗಸರು ಹೆಚ್ಚಿನವರು ಆ ನೆಗೆಟಿವನ್ನು ಒಲೆಗೆ ಹಾಕುತ್ತಿದ್ದರು. ಇಟ್ಟುಕೊಂಡು ಮಾಡುವುದೇನು, ಯಾರಾದರೂ ಇನ್ನೊಂದು ಫೋಟೋ ಮಾಡಿಸಿದರೆ ಎಂಬ ಭಯ ಬೇರೆ. ಆ ನಿಯಮಕ್ಕೆ ಉಮ್ಮನಿಗೆ ಎಷ್ಟು ಹೆಸರಿತ್ತೆಂದರೆ, ಪರಿಚಯವಿಲ್ಲದ ಮನೆಗಳಿಂದಲೂ ಸೊಸೆಯಂದಿರನ್ನು ಕಣ್ಣು ಮುಚ್ಚಿ ಕಳಿಸುತ್ತಿದ್ದರು.

ತೊಂಬತ್ತೊಂದರ ಬೇಸಿಗೆಗೆ ನನ್ನ ಅಮ್ಮ ಬಂದು ನನ್ನೊಟ್ಟಿಗೆ ಒಂದು ತಿಂಗಳಿದ್ದರು. ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ, ಪಟ್ಟಿ ಬಿಚ್ಚಿಯಾಗಿತ್ತು. ಅಮ್ಮನದ್ದು ಆವರೆಗೆ ಒಂದೂ ಫೋಟೋ ಇರಲಿಲ್ಲ. ಮದುವೆಯ ಕಾಲಕ್ಕೆ ಇಲ್ಲ, ಆಮೇಲೆ ಪುರುಸೊತ್ತಿಲ್ಲ. ಉಮ್ಮ ಕೇಳಿದಾಗ ಅಮ್ಮ ತುಳುವಿನಲ್ಲಿ "ಎನ್ನ ಮೋಣೆ ದಾಯೆಗ್?" ಎಂದರು. ನನ್ನ ಮುಖ ಯಾಕೆ ಎಂದು. ಉಮ್ಮ ಬಿಡಲಿಲ್ಲ. ಹೊಸ ಕಣ್ಣು ಬಂದದ್ದಕ್ಕೆ ಒಂದು ಗುರುತು ಬೇಡವೇ ಎಂದು ಗದರಿ ಸ್ಟೂಲಿನ ಮೇಲೆ ಕೂರಿಸಿದರು. ಅಮ್ಮ ಉಸಿರು ಬಿಟ್ಟರು. ಫೋಟೋದಲ್ಲಿ ಅವರು ನಗುತ್ತಿಲ್ಲ, ಆದರೆ ಇನ್ನೇನು ಏನೋ ಹೇಳಲಿಕ್ಕೆ ಬಾಯಿ ತೆರೆಯುವ ಹಾಗಿದೆ. ಮನೆಯಲ್ಲಿ ಅಮ್ಮ ಇದ್ದದ್ದೇ ಹಾಗೆ. ನೆಗೆಟಿವನ್ನು ಬೆಳಕಿಗೆ ಹಿಡಿದು, ಕಪ್ಪು ಮುಖ ಬಿಳಿ ಕೂದಲು ನೋಡಿ, "ನಾನು ಸತ್ತ ಮೇಲೆ ಹೀಗೆ ಬರುವುದಾ?" ಎಂದು ತುಳುವಿನಲ್ಲಿ ನಕ್ಕು ಅದನ್ನು ಬಚ್ಚಲೊಲೆಗೆ ಎಸೆದುಬಿಟ್ಟರು.

ಆ ತಿಂಗಳು ಉಮ್ಮನಿಗೆ ನೋಂಬಿನ, ಅಂದರೆ ರಂಜಾನ್ ಉಪವಾಸದ ತಿಂಗಳಾಗಿತ್ತು. ಆ ವರ್ಷ ಕುವೈತಿನ ಯುದ್ಧ ಆಗಷ್ಟೇ ಮುಗಿದು ಗಲ್ಫಿಗೆ ಮತ್ತೆ ಕಾಗದಗಳು ಹೋಗತೊಡಗಿದ್ದವು. ಹಬ್ಬಕ್ಕೆ ಮುಂಚೆ ಗಂಡನಿಗೊಂದು ಫೋಟೋ ಮುಟ್ಟಿಸಬೇಕೆಂದು ಎಲ್ಲರಿಗೂ ಒಮ್ಮೆಲೇ ಅವಸರ. ಚಾವಡಿಯಲ್ಲಿ ಹೆಂಗಸರ ಸಾಲು. ಬಾವಿಯಲ್ಲಿ ನೀರು ತಳ ಕಂಡಿತ್ತು, ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದ್ದರು. ಹನ್ನೆರಡು ನೀರಿನಲ್ಲಿ ತೊಳೆಯುವ ಫೋಟೋಗಳನ್ನು ಉಮ್ಮ ಆರೇಳು ನೀರಿಗೆ ನಿಲ್ಲಿಸುತ್ತಿದ್ದರು. ಸಾಕೋ ಸಾಲದೋ ಎಂದು ನೋಡಿ ಹೇಳಬೇಕಾದ ನಾಲಿಗೆ ಆ ತಿಂಗಳು ಕೆಲಸಕ್ಕಿರಲಿಲ್ಲ. ನೋಂಬು ಹಿಡಿದ ಬಾಯಿಗೆ ಹೇಗೆ ತಾಗಿಸುವುದು? "ಅಡುಗೆಯ ಉಪ್ಪು ನೋಡಿ ಉಗುಳಿದ್ರೆ ಮುರಿಯುದಿಲ್ಲ ಅಂತಾರಲ್ಲ ಉಮ್ಮ" ಎಂದು ನಾನು ನೆನಪಿಸಿದ್ದೆ. "ಉಪ್ಪು ನೋಡ್ಲಿಕ್ಕೆ ಅನುಮತಿ ಉಂಟು. ಹೈಪೋ ನೋಡ್ಲಿಕ್ಕೆ ಯಾರು ಕೊಟ್ಟದ್ದು?" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಹೈಪೋ ಎಂದರೆ ಫೋಟೋವನ್ನು ನಿಲ್ಲಿಸುವ ಉಪ್ಪು. ಅದರಲ್ಲಿ ಅದ್ದದಿದ್ದರೆ ಚಿತ್ರ ಬೆಳಕಿಗೆ ಕಪ್ಪಾಗಿ ಹೋಗುತ್ತದೆ. ಅದ್ದಿದ ಮೇಲೆ ಪೂರ್ತಿ ತೊಳೆಯದಿದ್ದರೆ ಅದೇ ಉಪ್ಪು ಕಾಗದದೊಳಗೆ ಕೂತು ಹತ್ತು ವರ್ಷದಲ್ಲಿ ಚಿತ್ರವನ್ನು ತಿನ್ನುತ್ತದೆ. ನಾಲಿಗೆಗೆ ಸಿಹಿ ಸಿಗುವುದು ಅದರದ್ದೇ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಆಗ ನನಗೆ ಅದೊಂದು ತಮಾಷೆಯ ಅಭ್ಯಾಸ ಅಷ್ಟೇ.

ಅಮ್ಮ ತೊಂಬತ್ತಾರರಲ್ಲಿ ಹೋದರು. ಮತದಾರರ ಚೀಟಿಗೆ ಫೋಟೋ ಹಿಡಿಯಲು ಬಂದ ದಿನ ಜ್ವರವೆಂದು ಮಲಗಿದ್ದರು, ಹಾಗಾಗಿ ಅದೂ ಇಲ್ಲ. ಉಳಿದದ್ದು ಉಮ್ಮ ತೆಗೆದ ಆ ಒಂದು ಫೋಟೋ. ನಾನು ಬಂಟ್ವಾಳದ ಶಾಲೆಗೆ ವರ್ಗವಾಗಿ ಬಿ.ಸಿ. ರೋಡಿನ ಹತ್ತಿರ ಮನೆ ಮಾಡಿದೆ. ಫೋಟೋ ನನ್ನ ಕಪಾಟಿನಲ್ಲಿ ಅಮ್ಮನ ಸೀರೆಗಳ ನಡುವೆ ಇತ್ತು. ಅಷ್ಟರಲ್ಲಿ ಉಮ್ಮನ ಬಚ್ಚಲು ಮತ್ತೆ ಬರೀ ಬಚ್ಚಲಾಗಿತ್ತು. ಎಲ್ಲ ಕಡೆ ಕಲರ್ ಬಂದಿತ್ತು, ಬಂಟ್ವಾಳದ ಸ್ಟುಡಿಯೋಗಳಲ್ಲಿ ಹುಡುಗಿಯರೂ ಕೆಲಸಕ್ಕಿದ್ದರು, ಹೊಸ ಸೊಸೆಯಂದಿರಿಗೆ ಮೊದಲಿನ ಹೆದರಿಕೆಗಳು ಇರಲಿಲ್ಲ. ಉಮ್ಮನಿಗೆ ಬೇಸರವಾಗಿರಲಿಲ್ಲ. "ಸಾಕಾಯ್ತು ಟೀಚರೇ. ಕೈ ಎಲ್ಲ ಬಿರಿದು ಹೋಗಿದೆ" ಎಂದಿದ್ದರು.

ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿರಬಹುದು. ಒಂದು ಭಾನುವಾರ ನಾನು ಉಮ್ಮನಲ್ಲಿಗೆ ಹೋಗಿದ್ದಾಗಲೇ ಬೆಳ್ತಂಗಡಿಯಿಂದ ಒಬ್ಬ ಹೆಂಗಸು ಬಂದರು. ಚೀಲದಿಂದ ಒಂದು ಫೋಟೋ ತೆಗೆದು ಉಮ್ಮನ ಮಡಿಲಲ್ಲಿಟ್ಟರು. ಹರೆಯದ ಹುಡುಗಿಯೊಬ್ಬಳ ಫೋಟೋ. ಕೆನ್ನೆಯ ಮೇಲೆ, ಹಣೆಯ ಮೇಲೆ ಚಹಾ ಚೆಲ್ಲಿದ ಬಣ್ಣ. ಒಂದು ಕಿವಿ ಇಲ್ಲವೇ ಇಲ್ಲ.

"ಇದು ನನ್ನ ತಂಗಿ. ಹೆರಿಗೆಯಲ್ಲಿ ಹೋದ್ಳು. ನೀವೇ ತೆಗ್ದದ್ದು. ಹೀಗೆ ಯಾಕಾಯ್ತು?" ಬೈಯುವ ದನಿಯಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

ಉಮ್ಮ ಫೋಟೋದ ಮೂಲೆಯನ್ನು ನೀರಲ್ಲಿ ಅದ್ದಿ ನಾಲಿಗೆಗೆ ತಾಗಿಸಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಸಿಹಿ ಇನ್ನೂ ಉಂಟು" ಎಂದರು ಕೊನೆಗೆ. "ಆ ಬೇಸಿಗೆಯ ನೋಂಬಿನದ್ದು ಅಲ್ವಾ ಇದು?"

ಹೌದೆಂದರು ಆ ಹೆಂಗಸು. ಉಮ್ಮ ಫೋಟೋವನ್ನು ಎರಡು ದಿನ ಇಟ್ಟುಕೊಂಡು, ಅಟ್ಟದಿಂದ ಹಳೆಯ ತಟ್ಟೆಗಳನ್ನು ಇಳಿಸಿ, ಮಂಗಳೂರಿನಿಂದ ಹೈಪೋ ತರಿಸಿ ಮತ್ತೆ ಅದ್ದಿ, ಹನ್ನೆರಡು ನೀರಿನಲ್ಲಿ ತೊಳೆದು ಕೊಟ್ಟರು. ಹೋದ ಕಿವಿ ಬರಲಿಲ್ಲ. "ಹೋದದ್ದು ಬರುದಿಲ್ಲ. ಉಳಿದದ್ದು ನಿಲ್ತದೆ" ಎಂದು ಕೈಗೆ ಕೊಡುವಾಗ ಹೇಳಿದರು.

ಮುಂದಿನ ಭಾನುವಾರ ನಾನು ಹೋದಾಗ ಚಾವಡಿಯಲ್ಲಿ ಕೂತು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಿದ್ದರು. ಆ ನೋಂಬಿನ ತಿಂಗಳು ಬಂದವರು ಯಾರ್ಯಾರು, ಯಾವ ಊರು, ಯಾರ ಮನೆ. ಬರೆದಿಟ್ಟದ್ದೇನೂ ಇರಲಿಲ್ಲ. ಮೂವತ್ತೊಂದು ಮಂದಿ ಎಂದರು. "ಒಬ್ಬೊಬ್ಬರ ಮನೆಗೆ ಹೋಗ್ತೇನೆ. ತಂದು ತೊಳೆದು ಕೊಡ್ತೇನೆ."

"ಅಷ್ಟು ದೂರ ದೂರ ನೀವು ಹೋಗುದಾ ಉಮ್ಮ? ಈ ಮಂಡಿ ಹೊತ್ಕೊಂಡು?"

"ನೆಗೆಟಿವ್ ಇದ್ರೆ ಕೂತಲ್ಲಿಯೇ ಇನ್ನೊಂದು ಮಾಡಿ ಕೊಡ್ಬಹುದಿತ್ತು. ಎಲ್ಲ ನಾನೇ ಕೊಟ್ಟು ಕಳಿಸಿದ್ದಲ್ವಾ, ನಿಮ್ಮ ಮುಖ ನಿಮ್ಮ ಹತ್ರ ಇರ್ಲಿ ಅಂತ?" ಬಿರಿದ ಅಂಗೈ ನೋಡಿಕೊಂಡು ಹೇಳಿದರು: "ಸಂಜೆ ನೋಂಬು ಬಿಟ್ಟ ಮೇಲೆ, ಮಗ್ರಿಬ್ ನಮಾಜ್ ಆದ್ಮೇಲೆ ನೆಕ್ಕಿ ನೋಡ್ಬಹುದಿತ್ತು ನಾನು. ಒಂದು ರಾತ್ರಿ ನೀರಲ್ಲಿಟ್ಟು ಮಾರನೇ ದಿನ ಕೊಡ್ಬಹುದಿತ್ತು. ಬಚ್ಚಿತ್ತು ಟೀಚರೇ. ಅಷ್ಟೇ. ನೀರು ಇಲ್ಲ, ನೋಂಬು, ಎಲ್ಲ ಹೌದು. ಆದ್ರೆ ಸತ್ಯ ಹೇಳಿದ್ರೆ ಬಚ್ಚಿತ್ತು."

ದಣಿವಿಗೆ ನಮ್ಮ ಕಡೆ ಹೇಳುವ ಮಾತು ಅದು. ಅಷ್ಟು ಸಣ್ಣ ತಪ್ಪನ್ನು ಅಷ್ಟು ನೇರವಾಗಿ ಒಪ್ಪಿಕೊಂಡವರನ್ನು ನಾನು ಕಂಡದ್ದು ಕಡಿಮೆ.

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಅಮ್ಮಂದು ಹೇಗೆ ಉಂಟು?"

ಹಿಂದಿನ ರಾತ್ರಿಯಷ್ಟೇ ನಾನು ಕಪಾಟು ತೆರೆದು ನೋಡಿದ್ದೆ. ಫೋಟೋದಲ್ಲಿ ಅಮ್ಮನ ಸೆರಗು ಅಳಿಸಿ ಹೋಗಿತ್ತು. ಎಡಗಡೆಯ ಕೆನ್ನೆಗೆ ಆ ಚಹಾದ ಬಣ್ಣ ಹತ್ತಿತ್ತು.

"ಅಮ್ಮಂದು ಸರಿ ಉಂಟು ಉಮ್ಮ. ಎಂತ ಆಗಿಲ್ಲ" ಎಂದೆ.

ಆ ಬಿರಿದ ಕೈಗಳನ್ನು ನೋಡಿ ಇನ್ನೊಂದು ಭಾರ ಹೇರಲು ಮನಸ್ಸು ಬರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅರ್ಧ ಸುಳ್ಳು. ನನಗೆ ಹೆದರಿಕೆಯಾಗಿತ್ತು. ಉಳಿದ ಅರ್ಧ ಮುಖವನ್ನು ನೀರಿಗೆ ಹಾಕುವ ಧೈರ್ಯ ನನಗೆ ಇರಲಿಲ್ಲ.

ಎರಡು ವರ್ಷ, ಸಿಕ್ಕ ಸಿಕ್ಕ ಭಾನುವಾರ, ನಾವಿಬ್ಬರು ತಿರುಗಿದೆವು. ಉಮ್ಮನ ಕೈಯಲ್ಲಿ ಒಂದು ಪೊಟ್ಟಣ ಹೈಪೋ ಇಟ್ಟ ಬಿಸ್ಕೆಟಿನ ಡಬ್ಬಿ, ನನ್ನ ಕೈಯಲ್ಲಿ ಕೊಡೆ ಮತ್ತು ನೀರಿನ ಬಾಟಲಿ. ಬಸ್ಸಿನಲ್ಲಿ ಅವರಿಗೆ ಕಿಟಕಿಯ ಬದಿ ಸಿಕ್ಕಿದರೆ ಕಾಲು ಚಾಚಿ ಮಂಡಿ ಒತ್ತಿಕೊಳ್ಳುತ್ತಿದ್ದರು, ಸಿಗದಿದ್ದರೆ ಕಂಬ ಹಿಡಿದು ನಿಲ್ಲುತ್ತಿದ್ದರು. ಕೆಲವು ಮನೆಗಳಲ್ಲಿ ಫೋಟೋ ಯಾವಾಗಲೋ ಕಸಕ್ಕೆ ಹೋಗಿತ್ತು. "ಅದೆಲ್ಲ ಯಾರಿಗೆ ಬೇಕು ಮಾರಾಯ್ತಿ, ಈಗ ಕಲರ್ ಉಂಟಲ್ಲ" ಎಂದು ನಕ್ಕು ಶರಬತ್ತು ಕೊಟ್ಟರು. ಇನ್ನು ಕೆಲವು ಮನೆಗಳಲ್ಲಿ ಹುಡುಗಿ ಗಂಡನೊಟ್ಟಿಗೆ ಗಲ್ಫಿಗೇ ಹೋಗಿದ್ದಳು, ಫೋಟೋವೂ ಅಲ್ಲಿತ್ತು. ಸಿಕ್ಕಿದ್ದನ್ನು ಡಬ್ಬಿಯಲ್ಲಿ ಹಾಕಿ ತಂದು, ತೊಳೆದು, ಒಣಗಿಸಿ, ಮತ್ತೆ ಬಸ್ಸು ಹಿಡಿದು ಕೊಟ್ಟು ಬರುತ್ತಿದ್ದರು. ಯಾರೂ ಅಷ್ಟು ಕೃತಜ್ಞತೆ ತೋರಿಸಿದ ನೆನಪಿಲ್ಲ. ಉಮ್ಮ ಅದನ್ನು ಬಯಸಿರಲೂ ಇಲ್ಲ. ವಾಪಸು ಬರುವಾಗ ಬೆರಳಿನ ಒಂದು ಗೆಣ್ಣನ್ನು ಒತ್ತಿ ನೋಡಿಕೊಳ್ಳುತ್ತಿದ್ದರು, ಅಷ್ಟೇ.

ಮೂಡುಬಿದಿರೆಯಲ್ಲಿ ಒಬ್ಬ ಮುದುಕರು ಫೋಟೋ ಕೊಡಲಿಲ್ಲ. ತೀರಿಹೋದ ಹೆಂಡತಿಯದ್ದು. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ತೇವಕ್ಕೆ ಅದು ಗಾಜಿಗೇ ಅಂಟಿಕೊಂಡಿತ್ತು. ಮುಖದ ಒಂದು ಬದಿ ಹಳದಿ. ಅವರು ಅದನ್ನು ಗೋಡೆಯಿಂದ ಇಳಿಸಿ ಎದೆಗೆ ಒತ್ತಿ ಹಿಡಿದು ನಿಂತರು.

"ಈಗ ಅರ್ಧವಾದ್ರೂ ಉಂಟು. ನೀರಿಗೆ ಹಾಕಿ ಅದೂ ಹೋದ್ರೆ?"

ನನಗೆ ಸಿಟ್ಟು ಬಂತು. ಬಿಸಿಲಿಗೆ ತಲೆ ನೋಯುತ್ತಿತ್ತು, ಮಧ್ಯಾಹ್ನದ ಊಟವಾಗಿರಲಿಲ್ಲ. "ಇಷ್ಟು ಪ್ರಾಯದವರು ಎರಡು ಬಸ್ಸು ಹತ್ತಿ ಬಂದಿದ್ದಾರೆ. ಸುಮ್ಮನೆ ಹಟ ಮಾಡ್ಬೇಡಿ, ಕೊಡಿ" ಎಂದು ಶಾಲೆಯ ದನಿಯಲ್ಲಿ ಗದರಿದೆ. ಮುದುಕರು ಇನ್ನೂ ಬಿಗಿಯಾಗಿ ಹಿಡಿದರು.

ಉಮ್ಮ ನನ್ನ ಕೈ ಹಿಡಿದು ಸುಮ್ಮನಿರಿಸಿದರು. ಮೆಟ್ಟಿಲ ಮೇಲೆ ಕೂತು ಅವರಿಗೆ ಬ್ಯಾರಿ ಭಾಷೆಯಲ್ಲಿ ನಿಧಾನವಾಗಿ ಹೇಳಿದರು. ನನಗೆ ಅರ್ಥವಾದದ್ದು ಇಷ್ಟು: ನಾನು ಮುಟ್ಟುವುದಿಲ್ಲ. ಕೈ ನಿಮ್ಮದೇ, ನೀರು ನಿಮ್ಮದೇ. ನಾನು ಇಲ್ಲಿ ಕೂತು ಹೇಳುತ್ತೇನೆ, ನೀವು ಮಾಡಿ.

ಅಂಗಳದಲ್ಲಿ ಒಂದು ಬೋಗುಣಿ ಬಂತು. ಗಾಜು ಸಮೇತ ನೀರಲ್ಲಿ ಮಲಗಿಸಲು ಹೇಳಿದರು. ಎಳೆಯಬೇಡಿ, ನೀರೇ ಬಿಡಿಸುತ್ತದೆ ಎಂದರು. ಮುದುಕರು ಬೋಗುಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದರು. ಅರ್ಧ ಗಂಟೆಗೆ ಕಾಗದ ತಾನಾಗಿ ಗಾಜು ಬಿಟ್ಟು ತೇಲಿತು. ಡಬ್ಬಿಯಿಂದ ಹೈಪೋ ತೆಗೆದು ಕಲಸಿ ಅದ್ದಿದ್ದು, ಆಮೇಲೆ ಹನ್ನೆರಡು ನೀರು ಬದಲಿಸಿದ್ದು, ಎಲ್ಲವೂ ಅವರ ಕೈಯಿಂದಲೇ. ಕೊನೆಗೆ ಉಮ್ಮ ಮೂಲೆಯನ್ನು ನಾಲಿಗೆಗೆ ತಾಗಿಸಿ "ಸಾಕು" ಎಂದಾಗ ಆ ಮನುಷ್ಯ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಉಮ್ಮ ಮಂಡಿ ಒತ್ತಿಕೊಳ್ಳುತ್ತಾ ಕೂತರು. ಮತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಅವರಿಗೆ ಹೆದರಿಕೆ ಟೀಚರೇ. ಹೆದರಿದವರಿಗೆ ಬೈಬಾರ್ದು."

ನಾನು ಕೊಡೆಯ ಹಿಡಿ ತಿರುಗಿಸುತ್ತಾ ಕೂತೆ. ಅಮ್ಮನ ಫೋಟೋದ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೂ ನಾನು ಹೇಳಲಿಲ್ಲ.

ಅದಾದ ಮರುವರ್ಷ ಉಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು, ಮಾತು ಸ್ವಲ್ಪ ತೊದಲಿ ಉಳಿಯಿತು. ಮದುವೆಯಾಗಿ ದೂರವಿದ್ದ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ನಾನು ಶನಿವಾರ ಶಾಲೆ ಬಿಟ್ಟು ಹೋಗಿ ಒಂದು ತಾಸು ಕೂತು ಬರುತ್ತಿದ್ದೆ. ಮತ್ತೆ ನೋಂಬಿನ ತಿಂಗಳು ಬಂತು. ಈ ಸಲ ಮಳೆಗಾಲದ ಕೊನೆಗೆ. ಬಾವಿ ತುಂಬಿ ಕೈಗೆ ಸಿಗುವಷ್ಟು ಮೇಲೆ ನೀರು. ಡಾಕ್ಟರು ಬೇಡವೆಂದರೂ, ಮಗಳು ಅತ್ತರೂ ಕೇಳದೆ ಉಮ್ಮ ಆಗಾಗ ನೋಂಬು ಹಿಡಿಯುತ್ತಿದ್ದರು. "ಮಲಗಿದಲ್ಲಿಯೇ ಇರುವವಳಿಗೆ ಹಸಿವು ಎಲ್ಲಿಂದ?" ಎಂದು ವಾದ.

ಅಂಥ ಒಂದು ಶನಿವಾರ, ಮಗಳು ಅಡುಗೆಮನೆಯಲ್ಲಿದ್ದಾಗ, ಉಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು.

"ಇನ್ನು ಒಂದು ಉಳಿದಿದೆ."

"ಯಾರದ್ದು ಉಮ್ಮ?"

"ನೀವು ತರ್ಲೇ ಇಲ್ಲ." ತೊದಲು ಮಾತನ್ನು ಜೋಡಿಸಿಕೊಳ್ಳಲು ಅವರಿಗೆ ಹೊತ್ತು ಬೇಕಾಯಿತು. "ಎಲ್ಲ ಒಂದೇ ಬಕೆಟಲ್ಲಿ ತೊಳೆದದ್ದು. ನಿಮ್ಮ ಅಮ್ಮಂದು ಒಂದೇ ಹೇಗೆ ಸರಿ ಇರ್ತದೆ?"

ಎರಡು ವರ್ಷ ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತಾಗಲೂ ಅವರಿಗೆ ಇದು ಗೊತ್ತಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಅತ್ತುಬಿಟ್ಟೆ. ಐವತ್ತರ ಹತ್ತಿರ ಬಂದ ಟೀಚರು, ಉತ್ತರ ಬಾರದ ಮಗುವಿನ ಹಾಗೆ.

"ಅಳುದು ಆಮೇಲೆ. ನಾಳೆ ತನ್ನಿ" ಎಂದರು.

ಭಾನುವಾರ ಹನ್ನೊಂದು ಗಂಟೆಗೆ ಅಮ್ಮನ ಫೋಟೋವನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದೆ. ಉಮ್ಮನ ಮಂಚವನ್ನು ಬಚ್ಚಲಿನ ಬಾಗಿಲು ಕಾಣುವ ಹಾಗೆ ತಿರುಗಿಸಿದೆವು. ಹಳೆಯ ಫೋಟೋಗೆ ಕತ್ತಲೆ ಬೇಡ, ಬಾಗಿಲು ತೆರೆದೇ ಇತ್ತು. ಅವರು ಮಲಗಿದಲ್ಲಿಂದ ಹೇಳಿದರು, ನಾನು ಮಾಡಿದೆ. ಮೊದಲು ಬರೀ ನೀರು. ಆಮೇಲೆ ಹೈಪೋ, ಬೆರಳಿನಿಂದ ಮೆಲ್ಲ ಅಲುಗಿಸುತ್ತಾ. ಆಮೇಲೆ ಬಾವಿಗೆ ಹೋಗಿ ಬಕೆಟು ತುಂಬಿಸಿ ತರುವುದು, ಚೆಲ್ಲುವುದು, ಮತ್ತೆ ತರುವುದು. ನನ್ನ ಬೆನ್ನು ಹಿಡಿದುಕೊಂಡಿತು. ಆ ಬೇಸಿಗೆಯಲ್ಲಿ ಈ ಹೆಂಗಸು ಖಾಲಿ ಹೊಟ್ಟೆಯಲ್ಲಿ ತಳ ಕಂಡ ಬಾವಿಯಿಂದ ಮೂವತ್ತೊಂದು ಮಂದಿಗೆ ನೀರು ಸೇದಿದ್ದು ಏನೆಂದು ಆಗ ನನ್ನ ತೋಳಿಗೆ ತಿಳಿಯಿತು.

ಅಮ್ಮನ ಮುಖ ನೀರಿನಡಿಯಲ್ಲಿ ಹಾಗೆಯೇ ಇತ್ತು. ಕರಗಲಿಲ್ಲ. ಸೆರಗು ಇಲ್ಲ, ಎಡ ಕೆನ್ನೆ ಇಲ್ಲ. ಎರಡು ಕಣ್ಣು ಇತ್ತು, ಏನೋ ಹೇಳಹೊರಟ ಬಾಯಿ ಇತ್ತು. ನಾಲ್ಕು ವರ್ಷ ಮೊದಲೇ ತಂದಿದ್ದರೆ ಆ ಕೆನ್ನೆಯೂ ಇರುತ್ತಿತ್ತೋ ಏನೋ. ಉಮ್ಮ ಅದನ್ನು ಹೇಳಲಿಲ್ಲ. ನಾನು ಕೇಳಲಿಲ್ಲ.

ಹತ್ತು ನೀರಾದ ಮೇಲೆ ಫೋಟೋವನ್ನು ಅಂಗೈಯಲ್ಲಿ ಹಿಡಿದು ಮಂಚದ ಹತ್ತಿರ ತಂದೆ. ಉಮ್ಮ ಅಮ್ಮನ ಮುಖವನ್ನು ನೋಡಿ, ಮೂಲೆಯನ್ನು ಬಾಯಿಗೆ ತರಲು ಸನ್ನೆ ಮಾಡಿದರು.

"ಉಮ್ಮ, ನಿಮಗೆ ಇವತ್ತು ನೋಂಬು ಅಲ್ವಾ?"

"ಹೌದು."

"ಹಾಗಾದ್ರೆ ಸಂಜೆಗೆ ನೋಡುವ. ಮಸೀದಿಯ ಬಾಂಗ್ ಆದ್ಮೇಲೆ. ಅಲ್ಲಿಯವರೆಗೆ ನೀರಲ್ಲಿಡ್ತೇನೆ."

"ಅವತ್ತು ಹಾಗೆಯೇ ಸಂಜೆಗೆ ಅಂತ ಬಿಟ್ಟದ್ದು" ಎಂದರು ಉಮ್ಮ. "ಈ ಒಂದು ನೋಂಬು ಬಾಕಿ ಇರ್ಲಿ. ಹಬ್ಬ ಕಳೆದು ಹಿಡೀತೇನೆ."

ನಾಲಿಗೆಯ ತುದಿ ಚಾಚಿದರು. ನಾನು ತಾಗಿಸಿದೆ. ಅವರು ಕಣ್ಣು ಮುಚ್ಚಿದರು. ಉಗುಳಲು ಆ ಕಡೆ ತಿರುಗಲು ಅವರಿಗೆ ಆಗುತ್ತಿರಲಿಲ್ಲ. ನಾನು ಬಟ್ಟೆ ಹಿಡಿಯುವ ಮೊದಲೇ ನುಂಗಿಬಿಟ್ಟರು.

"ಸಿಹಿ ಉಂಟು. ಇನ್ನೆರಡು ನೀರು."

ಮತ್ತೆ ಎರಡು ಸಲ ಬಾವಿಗೆ ಹೋಗಿ ಬಂದೆ. ಮತ್ತೆ ಮೂಲೆಯನ್ನು ತಾಗಿಸಿದೆ. ಈ ಸಲ ಕಣ್ಣು ಬೇಗ ತೆರೆದವು.

"ಈಗ ಬರೀ ನೀರು" ಎಂದರು.

ಹಬ್ಬ ಕಳೆದು ಹತ್ತನೇ ದಿನ ಉಮ್ಮ ಹೋದರು. ಬೆಳಿಗ್ಗೆ ಗಂಜಿ ಕುಡಿಸಲು ಹೋದ ಮಗಳು ನೋಡಿದ್ದು. ಕಾಯಿಲೆಯಲ್ಲಿ ಬಿಟ್ಟುಹೋದ ನೋಂಬುಗಳಿಗೆ ಬಡವರಿಗೆ ಅಕ್ಕಿ ಕೊಡುತ್ತೇವೆ ಎಂದು ಅವಳು ಆಮೇಲೆ ಹೇಳಿದಳು. ಆ ಭಾನುವಾರ ಮುರಿದು ಬಾಕಿಯೇ ಉಳಿದ ನೋಂಬು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಮ್ಮನ ಫೋಟೋ ಈಗ ಗೋಡೆಯ ಮೇಲಿದೆ. ಇಷ್ಟು ವರ್ಷವಾದರೂ ಅದು ಇದ್ದಷ್ಟು ಹಾಗೆಯೇ ನಿಂತಿದೆ. ಪ್ರತಿ ವರ್ಷ ನೋಂಬಿನ ಹಬ್ಬ ಕಳೆದ ಮೇಲೆ ಒಂದು ದಿನ ನಾನು ಯಾರಿಗೂ ಹೇಳದೆ ಉಪವಾಸ ಇರುತ್ತೇನೆ. ಅಳದಂಗಡಿಯ ಕಡೆಯ ಟೀಚರೊಬ್ಬಳು ಹಿಡಿದ ನೋಂಬು ಅವರಿಗೆ ಸೇರುತ್ತದೋ ಇಲ್ಲವೋ, ಕೇಳಲಿಕ್ಕೆ ಹೋಗಿಲ್ಲ. ಈ ಪ್ರಾಯಕ್ಕೆ ಮಧ್ಯಾಹ್ನವಾಗುವಾಗಲೇ ತಲೆ ತಿರುಗುತ್ತದೆ, ಬಚ್ಚುತ್ತದೆ. ಸಂಜೆ ಬಾಂಗ್ ಕೇಳಿದ ಮೇಲೆ ಅಮ್ಮನ ಮುಂದೆ ಕೂತು ಒಂದು ಲೋಟ ಕುಡಿಯುತ್ತೇನೆ. ಬರೀ ನೀರು.